ವಾಸಿಯಾಗದ ರೋಗ, ಆಡುವ ಮೈ

ವಾಡಿಯಿಂದ ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಬರುವ ರೈಲು ಹೈದರಾಬಾದಿನೊಳಗೆ ಕಾಲಿಡುವುದು ಲಿಂಗಂಪಲ್ಲಿಯಲ್ಲಿ. ಕಲಬುರಗಿ, ಯಾದಗಿರಿ ಕಡೆಯ ಕನ್ನಡಿಗರಿಗೆ ಮಹಾನಗರ ಶುರುವಾಗುವುದೇ ಇಲ್ಲಿಂದ. ಕಟ್ಟಡದ ಕೆಲಸಕ್ಕೆ ಬರುವವರು, ಸೆಂಟ್ರಲ್ ಯೂನಿವರ್ಸಿಟಿಗೆ ಓದಲು ಬರುವವರು, ಮನೆಯ ಹಿರಿಯರನ್ನು ದೊಡ್ಡ ಆಸ್ಪತ್ರೆಗೆ ತೋರಿಸಲು ಕರೆತರುವವರು ಗಂಟು, ಬ್ಯಾಗು, ಎಕ್ಸ್‌ರೇ ಕವರು ಹಿಡಿದು ಇಲ್ಲಿ ಇಳಿಯುತ್ತಾರೆ. ಸ್ಟೇಷನ್ನಿನಿಂದ ಹೊರಬಂದು ಹಳೇ ಮುಂಬಯಿ ಹೆದ್ದಾರಿ ಹಿಡಿದು, ಯೂನಿವರ್ಸಿಟಿಯ ಗೇಟು ದಾಟಿ ಕೆಲವೇ ಕಿಲೋಮೀಟರ್ ಹೋದರೆ ಗಚ್ಚಿಬೌಲಿ. ಪುಲ್ಲೇಲ ಗೋಪಿಚಂದ್ ತಮ್ಮ ಮನೆಯನ್ನೇ ಅಡವಿಟ್ಟು ಕಟ್ಟಿಸಿದ, 2008ರಲ್ಲಿ ಬಾಗಿಲು ತೆರೆದ ಬ್ಯಾಡ್ಮಿಂಟನ್ ಅಕಾಡೆಮಿ ಇರುವುದು ಅಲ್ಲೇ.

ಸೈನಾ ನೆಹ್ವಾಲ್, ಪಿ.ವಿ. ಸಿಂಧು, ಕಿಡಂಬಿ ಶ್ರೀಕಾಂತ್ ಎಂದರೆ ಆ ಅಕಾಡೆಮಿ ಎಲ್ಲರಿಗೂ ನೆನಪಾಗುತ್ತದೆ. ಆದರೆ ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂಬ ಹಳೆಯ ಪ್ರಶ್ನೆಯನ್ನು ಹಿಡಿದು ಅತ್ತ ಹೋಗುವವರು ಮೊದಲು ಕೇಳಬೇಕಾದ ಹೆಸರು ಬೇರೆ: ಪಾರುಪಲ್ಲಿ ಕಶ್ಯಪ್.

ಕಶ್ಯಪ್ ಹುಟ್ಟಿದ್ದು 1986ರಲ್ಲಿ. ಹನ್ನೊಂದನೇ ವಯಸ್ಸಿಗೆ ಹೈದರಾಬಾದಿನ ಲಾಲ್ ಬಹದ್ದೂರ್ ಕ್ರೀಡಾಂಗಣದಲ್ಲಿ ಎಸ್.ಎಂ. ಆರಿಫ್ ಅವರ ಬಳಿ ಆಟ ಕಲಿಯತೊಡಗಿದರು. ಮನೆಯವರು ಬೆಂಗಳೂರಿಗೆ ಬಂದಾಗ ಪ್ರಕಾಶ್ ಪಡುಕೋಣೆ ಅಕಾಡೆಮಿ ಸೇರಿದರು. 2004ರಲ್ಲಿ ಕುಟುಂಬ ಮತ್ತೆ ಹೈದರಾಬಾದಿಗೆ ಹೋಯಿತು. ಅದೇ ಹೊತ್ತಿಗೆ ಹುಡುಗನ ಆರೋಗ್ಯ ಮೇಲಿಂದ ಮೇಲೆ ಕೆಡತೊಡಗಿತು. ಪರೀಕ್ಷೆ ಮಾಡಿಸಿದಾಗ ಆಸ್ತಮಾ ಎಂದು ಗೊತ್ತಾಯಿತು. ಆಟ ಇಲ್ಲಿಗೆ ಮುಗಿಯಿತು ಎಂದೇ ಆಗ ಅನ್ನಿಸಿತ್ತು ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಹದಿನೆಂಟರ ಆಸುಪಾಸಿನಲ್ಲಿ, ವೃತ್ತಿ ಶುರುವಾಗುವ ಮುನ್ನವೇ, ವೃತ್ತಿ ಮುಗಿದ ಹಾಗೆ ಅನ್ನಿಸುವುದು ಸಣ್ಣ ಮಾತಲ್ಲ.

ಆಸ್ತಮಾಕ್ಕೂ ಬ್ಯಾಡ್ಮಿಂಟನ್ನಿಗೂ ಯಾಕೆ ಆಗಿಬರುವುದಿಲ್ಲ ಎಂಬುದು ಅರ್ಥವಾಗಬೇಕಾದರೆ ಉಸಿರಿನ ದಾರಿಯನ್ನು ಸ್ವಲ್ಪ ಗಮನಿಸಬೇಕು. ಆಸ್ತಮಾ ಇರುವವರ ಶ್ವಾಸನಾಳದ ಒಳಪದರ ಯಾವಾಗಲೂ ತುಸು ಊದಿಕೊಂಡೇ ಇರುತ್ತದೆ. ಹೊರಗೆ ಏನೂ ಕಾಣದ ದಿನವೂ ಅದು ಹಾಗೆಯೇ ಇರುತ್ತದೆ. ಧೂಳು, ಶೀತ, ಹೊಗೆ ತಾಗಿದಾಗ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ, ಕಫ ತುಂಬುತ್ತದೆ, ಉಸಿರು ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟವಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಇದನ್ನೇ ದಮ್ಮು ಎನ್ನುತ್ತಾರೆ, ಹಳೇ ಮೈಸೂರಿನ ಕಡೆ ಉಬ್ಬಸ, ಗೂರಲು. ಆಟಗಾರನಿಗೆ ಇನ್ನೊಂದು ಕಷ್ಟವಿದೆ. ಜೋರಾಗಿ ಓಡುವಾಗ ಮೂಗಿನ ಉಸಿರು ಸಾಲುವುದಿಲ್ಲ, ಬಾಯಿಂದ ಎಳೆದುಕೊಳ್ಳಬೇಕು. ಮೂಗು ಬೆಚ್ಚಗೆ ಮಾಡಿ, ತೇವ ಮಾಡಿ ಕಳಿಸುತ್ತಿದ್ದ ಗಾಳಿ ಈಗ ಒಣಗಿದ ಹಾಗೆಯೇ ಒಳಗಿಳಿಯುತ್ತದೆ, ನಾಳ ಇನ್ನಷ್ಟು ಬಿಗಿಯುತ್ತದೆ. ಅಂದರೆ ಯಾವುದನ್ನು ಮಾಡಿ ಗೆಲ್ಲಬೇಕೋ ಅದನ್ನೇ ಮಾಡಿದಾಗ ಕಾಯಿಲೆ ಎದ್ದು ಕೂರುತ್ತದೆ. ಪುರುಷರ ಸಿಂಗಲ್ಸ್ ಪಂದ್ಯವೊಂದು ಮೂರು ಗೇಮಿಗೆ ಹೋದರೆ ಒಂದು ಗಂಟೆಯನ್ನು ಮೀರುತ್ತದೆ. ಅಷ್ಟೂ ಹೊತ್ತು ಓಟ, ನೆಗೆತ, ಬಾಗು, ಮತ್ತೆ ಓಟ.

ಆದರೂ ಕಶ್ಯಪ್ ಆಡಿದರು. ಗೋಪಿಚಂದ್ ಬಳಿ ತರಬೇತಿ, ವೈದ್ಯರು ಹೇಳಿದ ಔಷಧ, ಎರಡೂ ಒಟ್ಟಿಗೆ ನಡೆದವು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಬಂತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಯೆಟ್ನಾಮಿನ ನ್ಗುಯೆನ್ ಟಿಯೆನ್ ಮಿನ್ಹ್ ಅವರನ್ನು, ಆಮೇಲೆ ಶ್ರೀಲಂಕಾದ ನಿಲುಕ ಕರುಣಾರತ್ನೆ ಅವರನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದರು. ಒಲಿಂಪಿಕ್ ಬ್ಯಾಡ್ಮಿಂಟನ್ನಿನಲ್ಲಿ ಅಲ್ಲಿಯವರೆಗೆ ಹೋದ ಮೊದಲ ಭಾರತೀಯ ಪುರುಷ ಅವರೇ. ಮರುವರ್ಷ ವಿಶ್ವ ರ‍್ಯಾಂಕಿಂಗಿನಲ್ಲಿ ಆರನೇ ಸ್ಥಾನ. 2014ರ ಆಗಸ್ಟಿನಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲಿನಲ್ಲಿ ಸಿಂಗಪುರದ ಡೆರೆಕ್ ವಾಂಗ್ ವಿರುದ್ಧ 21-14, 11-21, 21-19. ಮೊದಲ ಗೇಮ್ ಸಲೀಸು, ಎರಡನೆಯದರಲ್ಲಿ ಮೈ ಸೋತಂತೆ ಕಂಡಿತು, ಮೂರನೆಯದು ಕೊನೆಯ ಎರಡು ಪಾಯಿಂಟಿನವರೆಗೂ ಯಾರದೆಂದು ಹೇಳಲಾಗದ ಸ್ಥಿತಿ. ಪುರುಷರ ಸಿಂಗಲ್ಸ್ ಚಿನ್ನವನ್ನು 1978ರಲ್ಲಿ ಪ್ರಕಾಶ್ ಪಡುಕೋಣೆ, 1982ರಲ್ಲಿ ಸೈಯದ್ ಮೋದಿ ಗೆದ್ದಿದ್ದರು. ಅದಾದ ಮೇಲೆ 32 ವರ್ಷ ಭಾರತಕ್ಕೆ ಅದು ದಕ್ಕಿರಲಿಲ್ಲ.

ಇಂಥ ಕತೆಯನ್ನು ನಾವು ಹೇಳುವ ರೀತಿ ಒಂದಿದೆ. ಛಲದ ಮುಂದೆ ಕಾಯಿಲೆ ಸೋತಿತು ಎನ್ನುತ್ತೇವೆ. ಪತ್ರಿಕೆಯ ತಲೆಬರಹವೂ ಹಾಗೆಯೇ ಇರುತ್ತದೆ, ಶಾಲೆಯ ವಾರ್ಷಿಕೋತ್ಸವದ ಭಾಷಣವೂ ಹಾಗೆಯೇ ಇರುತ್ತದೆ. ಆದರೆ ಗ್ಲಾಸ್ಗೋದ ರಾತ್ರಿ ಕಶ್ಯಪ್ ಅವರ ಆಸ್ತಮಾ ಸೋತಿರಲಿಲ್ಲ. ಅದು ಮರುದಿನ ಬೆಳಗ್ಗೆಯೂ ಇತ್ತು. ಮರುವರ್ಷ ಇಂಡೊನೇಷ್ಯಾದಲ್ಲಿ ವಿಶ್ವದ ಒಂದನೇ ನಂಬರಿನ ಚೆನ್ ಲಾಂಗ್ ಅವರನ್ನು ಸೋಲಿಸಿದ ದಿನವೂ ಇತ್ತು. ಸೋಲದ, ಹೋಗದ, ಜೊತೆಗೇ ಇರುವ ಒಂದು ಕಾಯಿಲೆಯ ಎದುರು ಗೆಲುವು ಎಂಬ ಮಾತಿಗೆ ಏನು ಅರ್ಥ? ಧರ್ಮಶಾಸ್ತ್ರಗಳು, ವೈದ್ಯಶಾಸ್ತ್ರಗಳು ಈ ಪ್ರಶ್ನೆಯ ಹತ್ತಿರ ಸುಳಿದಿವೆ. ನಾವು ಅವನ್ನು ಆ ದೃಷ್ಟಿಯಲ್ಲಿ ಓದುವುದು ಕಡಿಮೆ.

ಚರಕಸಂಹಿತೆಯ ಸೂತ್ರಸ್ಥಾನ ರೋಗಗಳನ್ನು ವಿಂಗಡಿಸುವಾಗ ಸುಲಭವಾಗಿ ವಾಸಿಯಾಗುವುವು, ಕಷ್ಟದಿಂದ ವಾಸಿಯಾಗುವುವು, ವಾಸಿಯಾಗದವು ಎಂದು ಹೇಳಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ವಾಸಿಯಾಗದವುಗಳಲ್ಲೇ ಇನ್ನೊಂದು ಭೇದ ಮಾಡುತ್ತದೆ. ಕೆಲವಕ್ಕೆ ಏನೂ ಮಾಡುವಂತಿಲ್ಲ. ಇನ್ನು ಕೆಲವು ಬೇರುಸಹಿತ ಹೋಗದಿದ್ದರೂ ಪಥ್ಯ, ಔಷಧ, ದಿನಚರಿ ತಪ್ಪದಿದ್ದರೆ ಹಿಡಿತದಲ್ಲಿರುತ್ತವೆ. ರೋಗಿ ಬದುಕುತ್ತಾನೆ, ದುಡಿಯುತ್ತಾನೆ. ಇವಕ್ಕೆ ಯಾಪ್ಯ ಎಂದು ಹೆಸರು. ಬೀಳಲಿರುವ ಮನೆಗೆ ಸರಿಯಾದ ಜಾಗದಲ್ಲಿ ಕೊಟ್ಟ ಊರುಗಂಬವನ್ನು ಸುಶ್ರುತ ಇದಕ್ಕೆ ಹೋಲಿಕೆಯಾಗಿ ಕೊಡುತ್ತಾನೆ. ಕಂಬ ಮನೆಯನ್ನು ಹೊಸದು ಮಾಡುವುದಿಲ್ಲ, ಕಂಬ ತೆಗೆದರೆ ಮನೆ ನಿಲ್ಲುವುದಿಲ್ಲ, ಕಂಬ ಇರುವಷ್ಟು ದಿನ ಅದು ಮನೆಯೇ, ಒಳಗೆ ಒಲೆ ಉರಿಯುತ್ತದೆ. ಇನ್ನೂ ದೊಡ್ಡ ಸಂಗತಿ ಚಿಕಿತ್ಸಾಸ್ಥಾನದಲ್ಲಿದೆ. ಅಲ್ಲಿ ಶ್ವಾಸರೋಗಗಳ ಮಾತು ಬಂದಾಗ ತಮಕಶ್ವಾಸವನ್ನು, ಅಂದರೆ ಇಂದಿನ ಆಸ್ತಮಾಕ್ಕೆ ಬಹಳ ಹತ್ತಿರದ ರೋಗವನ್ನು, ಚರಕ ಇದೇ ಯಾಪ್ಯದ ಸಾಲಿಗೆ ಸೇರಿಸುತ್ತಾನೆ. ಹೊಸದಾಗಿ ಬಂದದ್ದಾದರೆ ವಾಸಿಯಾದೀತು, ಇಲ್ಲವಾದರೆ ಕಾಪಾಡಿಕೊಂಡು ಹೋಗಬೇಕಾದದ್ದು.

ಈ ವಿಂಗಡಣೆಯಲ್ಲಿ ಒಂದು ತತ್ತ್ವವೇ ಇದೆ. ರೋಗ ಎಂದರೆ ಒಂದೋ ಗೆಲ್ಲಬೇಕು ಇಲ್ಲವೇ ಸೋಲಬೇಕು ಎಂಬ ಎರಡೇ ದಾರಿಯ ಲೆಕ್ಕವನ್ನು ಅದು ಒಪ್ಪುವುದಿಲ್ಲ. ಕಾಪಾಡಿಕೊಂಡು ಹೋಗುವುದೂ ಒಂದು ಪೂರ್ಣವಾದ ಬದುಕಿನ ಕ್ರಮ ಎಂದು ಅದು ಒಪ್ಪುತ್ತದೆ. ಕ್ರೀಡೆಯ ಭಾಷೆಗೆ ಈ ಕ್ರಮ ಒಗ್ಗುವುದಿಲ್ಲ. ಅನಿಲ್ ಕುಂಬ್ಳೆ 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಲಾರಾ ವಿಕೆಟ್ ಪಡೆದದ್ದನ್ನು ಕನ್ನಡಿಗರು ಎಂದಿಗೂ ಮರೆಯುವುದಿಲ್ಲ, ಮರೆಯಬಾರದು ಕೂಡ. ಆದರೆ ಆ ದವಡೆ ಕೂಡಿಕೊಂಡಿತು. ಅದು ಒಂದು ದಿನದ ಧೈರ್ಯ, ಟಿ.ವಿ. ಕ್ಯಾಮೆರಾದ ಎದುರು ನಡೆದ ಧೈರ್ಯ. ದೀರ್ಘ ಕಾಯಿಲೆಯವನ ಧೈರ್ಯ ಕಾಣುವುದು ಕ್ಯಾಮೆರಾ ಇಲ್ಲದ ಕಡೆ: ಬೆಳಗ್ಗೆ ಎದ್ದು ತಪ್ಪದೆ ಸೇದುವ ಇನ್‌ಹೇಲರಿನಲ್ಲಿ, ಚೆನ್ನಾಗಿದ್ದೇನೆ ಎನ್ನಿಸಿದ ದಿನವೂ ಅದನ್ನು ಬಿಡದಿರುವುದರಲ್ಲಿ, ಧೂಳಿನ ಕೋಣೆ ಬೇಡ ಎಂದು ಹೋಟೆಲಿನವರಿಗೆ ನಾಚಿಕೆಯಿಲ್ಲದೆ ಹೇಳುವುದರಲ್ಲಿ.

ಹೈದರಾಬಾದಿನಲ್ಲಿ ಆಸ್ತಮಾದ ಮಾತೆತ್ತಿದರೆ ಮೃಗಶಿರಾ ಮಳೆಯ ಹೊತ್ತಿನ ಮೀನಿನ ಪ್ರಸಾದದ ಮಾತು ಬಾರದೆ ಇರುವುದಿಲ್ಲ. ಪ್ರತಿ ಜೂನ್ ಮೊದಲ ವಾರದ ಆಸುಪಾಸಿನಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಗೌಡ ಮನೆತನದವರು ದಮ್ಮಿನ ರೋಗಿಗಳಿಗೆ ತೆಲುಗರು ಕೊರ್ರಮೀನು ಎನ್ನುವ ಮೀನಿನ ಜೀವಂತ ಮರಿಯ ಬಾಯಿಗೆ ಹಳದಿ ಲೇಹ್ಯ ಇಟ್ಟು ನುಂಗಿಸುತ್ತಾರೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ. 1845ರಲ್ಲಿ ಸಾಧುವೊಬ್ಬರು ಈ ಮದ್ದನ್ನು ಹಿರಿಯರಿಗೆ ಕೊಟ್ಟರು, ದುಡ್ಡು ತೆಗೆದುಕೊಳ್ಳಕೂಡದು ಎಂದು ಹೇಳಿದರು ಎಂಬುದು ಮನೆತನದ ನಂಬಿಕೆ. ಲಿಂಗಂಪಲ್ಲಿಯಿಂದ ನಾಂಪಲ್ಲಿಗೆ ಲೋಕಲ್ ರೈಲಿದೆ. ದೂರದ ಊರುಗಳಿಂದ ಬಂದವರು ರಾತ್ರಿಯೆಲ್ಲ ಸಾಲಿನಲ್ಲಿ ಕೂರುತ್ತಾರೆ. ವಿಚಾರವಾದಿ ಸಂಘಟನೆಗಳು ಇದನ್ನು ಪ್ರಶ್ನಿಸಿವೆ, ವಿಷಯ ನ್ಯಾಯಾಲಯಕ್ಕೂ ಹೋಯಿತು, ಮೊದಲು ತೆಲುಗಿನಲ್ಲಿ ಮಂದು, ಅಂದರೆ ಮದ್ದು, ಎನ್ನುತ್ತಿದ್ದದ್ದು ಈಗ ಪ್ರಸಾದವಾಗಿದೆ. ಇದರಿಂದ ಆಸ್ತಮಾ ವಾಸಿಯಾಗುತ್ತದೆ ಎಂಬುದಕ್ಕೆ ವೈದ್ಯವಿಜ್ಞಾನ ಒಪ್ಪುವ ಪುರಾವೆ ಇಲ್ಲ. ಪ್ರಸಾದ ನುಂಗಿದ ಧೈರ್ಯದಲ್ಲಿ ಇನ್‌ಹೇಲರ್ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಇದನ್ನು ಮೆದುವಾಗಿ ಹೇಳಿ ಪ್ರಯೋಜನವಿಲ್ಲ.

ಆದರೆ ಆ ಸಾಲಿನಲ್ಲಿ ಕೂತವರನ್ನು ಮೌಢ್ಯ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದೂ ಸರಿಯಲ್ಲ. ಅವರು ಕೇಳುತ್ತಿರುವುದು ಬರೀ ಔಷಧವನ್ನಲ್ಲ. ಎಂದಿಗೂ ಮುಗಿಯದ ಕಾಯಿಲೆಗೆ ಒಂದು ಮುಕ್ತಾಯ ಇದೆ ಎಂಬ ಭರವಸೆಯನ್ನು ಅವರು ಕೇಳುತ್ತಿದ್ದಾರೆ. ದೀರ್ಘರೋಗದ ನಿಜವಾದ ಹೊರೆ ಉಸಿರಾಟದ ಸಂಕಟ ಮಾತ್ರವಲ್ಲ, ಅದಕ್ಕೆ ಕೊನೆಯಿಲ್ಲ ಎಂಬ ಅರಿವು. ಆಟಗಾರನ ಗೆಲುವಿನ ಕತೆಯನ್ನು ಓದುವವರೂ ಅದೇ ಮುಕ್ತಾಯವನ್ನೇ ಹುಡುಕುತ್ತಾರೆ. ಅವನು ಗೆದ್ದ, ಹಾಗಾದರೆ ಕಾಯಿಲೆ ಮುಗಿಯಿತು ಎಂದುಕೊಳ್ಳುತ್ತಾರೆ.

ಈ ಆಸೆಯ ಇನ್ನೊಂದು ಬದಿಯಲ್ಲಿ ಕರ್ಮದ ಮಾತಿದೆ. ಎಳೆಯ ಮಗುವಿಗೆ ದಮ್ಮು ಬಂದರೆ ಏನು ಪಾಪ ಮಾಡಿತ್ತೋ ಎನ್ನುವವರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಹೇಳುವವರ ಮನಸ್ಸಿನಲ್ಲಿ ಕ್ರೌರ್ಯ ಇರುವುದಿಲ್ಲ, ಬಹಳ ಸಲ ಮರುಕವೇ ಇರುತ್ತದೆ. ಆದರೂ ಆ ಮಾತು ರೋಗಿಯನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸುತ್ತದೆ. ಇದು ನಮ್ಮ ಪರಂಪರೆಯ ಒಮ್ಮತದ ಮಾತು ಎಂದು ತಿಳಿದರೆ ತಪ್ಪು. ಸಂಯುಕ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧನ ಬಳಿ ಬಂದು, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದಿನ ಕರ್ಮದ ಫಲ ಎನ್ನುವವರಿದ್ದಾರೆ, ನೀವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಬುದ್ಧ ಪಿತ್ತದಿಂದ ಬರುವ ನೋವು, ಕಫದಿಂದ ಬರುವುದು, ವಾತದಿಂದ ಬರುವುದು, ಮೂರೂ ಕೂಡಿ ಬರುವುದು, ಋತು ಬದಲಾಗಿ ಬರುವುದು, ಮೈಯನ್ನು ಸರಿಯಾಗಿ ನೋಡಿಕೊಳ್ಳದೆ ಬರುವುದು, ಯಾರೋ ಹೊಡೆದು ಬರುವುದು ಎಂದು ಪಟ್ಟಿ ಕೊಟ್ಟು, ಕರ್ಮಫಲವನ್ನು ಎಂಟನೆಯದಾಗಿ, ಹಲವು ಕಾರಣಗಳಲ್ಲಿ ಒಂದಾಗಿ ಇಡುತ್ತಾನೆ. ಎಲ್ಲವೂ ಕರ್ಮದಿಂದಲೇ ಎನ್ನುವವರು ತಮ್ಮ ಅನುಭವಕ್ಕೂ ಲೋಕದ ತಿಳಿವಿಗೂ ಮೀರಿದ ಮಾತಾಡುತ್ತಿದ್ದಾರೆ ಎಂಬುದು ಅವನ ತೀರ್ಮಾನ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವರು ಇವನೋ ಇವನ ತಂದೆತಾಯಿಯೋ ಎಂದು ಕೇಳಿದಾಗ ಯೇಸು ಇಬ್ಬರ ಮೇಲೂ ತಪ್ಪು ಹೊರಿಸುವುದಿಲ್ಲ.

ಚರಕನೂ ಹೀಗೆಯೇ. ವಿಮಾನಸ್ಥಾನದಲ್ಲಿ ಅಗ್ನಿವೇಶ ಗುರುವನ್ನು ಕೇಳುತ್ತಾನೆ: ಆಯುಷ್ಯ ಮೊದಲೇ ನಿಗದಿಯಾದದ್ದೋ ಅಲ್ಲವೋ? ಆತ್ರೇಯ ಹಿಂದಿನ ದೇಹದಲ್ಲಿ ಮಾಡಿದ್ದನ್ನು ದೈವ ಎಂದು, ಈ ದೇಹದಲ್ಲಿ ಮಾಡುವುದನ್ನು ಪುರುಷಕಾರ ಎಂದು ಕರೆದು, ಇವೆರಡರಲ್ಲಿ ಬಲವಾದದ್ದು ಬಲಹೀನವಾದದ್ದನ್ನು ಹಿಂದೆ ತಳ್ಳುತ್ತದೆ ಎನ್ನುತ್ತಾನೆ. ಎಲ್ಲ ಆಯುಷ್ಯವೂ ನಿಗದಿಯಾಗಿದ್ದರೆ ಯಾರೂ ಔಷಧ ಕುಡಿಯಬೇಕಿರಲಿಲ್ಲ, ಮದವೇರಿದ ಆನೆ ಎದುರು ಬಂದಾಗ ದಾರಿ ಬಿಡಬೇಕಿರಲಿಲ್ಲ ಎಂಬ ಧಾಟಿಯಲ್ಲಿ ವಾದ ಮಾಡುತ್ತಾನೆ. ವೈದ್ಯನಾದವನು ಇಷ್ಟನ್ನಾದರೂ ಹೇಳಲೇಬೇಕು. ಇಲ್ಲದಿದ್ದರೆ ಅವನ ಕೆಲಸಕ್ಕೇ ನೆಲೆಯಿಲ್ಲ.

ನಮ್ಮ ನೆಲದ ಜೇಡರ ದಾಸಿಮಯ್ಯ ಈ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿದವನು. ಅವನ ಊರು ಮುದನೂರು, ಇಂದಿನ ಯಾದಗಿರಿ ಜಿಲ್ಲೆಯ ಸುರಪುರದ ಸೀಮೆ. ಲಿಂಗಂಪಲ್ಲಿಯಲ್ಲಿ ಇಳಿಯುವ ಎಷ್ಟೋ ಜನರ ಊರು ಅದೇ ಸೀಮೆಯದು. ದೇಹ ಹೊತ್ತವರ ಕೊರತೆಯನ್ನು ಎಣಿಸಿ ತೀರ್ಪು ಕೊಡುವ ಅಧಿಕಾರ ದೇಹವೇ ಇಲ್ಲದವನಿಗೆ ಎಲ್ಲಿಂದ ಬಂತು ಎಂದು ದೇವರನ್ನೇ ತಡೆದು ನಿಲ್ಲಿಸುವ ದಿಟ್ಟತನ ಅವನದು. ಭಕ್ತಿಯ ಒಳಗಿಂದಲೇ ಬಂದ ಈ ಮಾತಿನಲ್ಲಿ ರೋಗಿಯ ಪರವಾದ ಒಂದು ನ್ಯಾಯವಿದೆ. ಮೈಯ ಕಷ್ಟವನ್ನು ಮೈಯಿಂದ ಬಲ್ಲವರು ಮಾತ್ರ ಅದರ ಬಗ್ಗೆ ಮಾತಾಡಲಿ.

ಬ್ಯಾಸ್ಕೆಟ್‌ಬಾಲ್ ಲೋಕ ಈ ನ್ಯಾಯವನ್ನು ಕಲಿತದ್ದು ಕಷ್ಟಪಟ್ಟು. 1991ರ ನವೆಂಬರ್ 7ರಂದು ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಮ್ಯಾಜಿಕ್ ಜಾನ್ಸನ್ ತಮಗೆ ಎಚ್‌ಐವಿ ಇದೆ ಎಂದು ಹೇಳಿ ನಿವೃತ್ತರಾದರು. ಮೂರು ತಿಂಗಳಲ್ಲಿ ಆಲ್ ಸ್ಟಾರ್ ಪಂದ್ಯದಲ್ಲಿ 25 ಪಾಯಿಂಟ್ ಗಳಿಸಿದರು, ಬಾರ್ಸಿಲೋನಾದಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಆದರೆ 1992ರ ಕೊನೆಗೆ ಮತ್ತೆ ಲೀಗಿಗೆ ಬರಲು ಹೊರಟಾಗ, ಗಾಯವಾಗಿ ರಕ್ತ ತಾಗಿದರೆ ಗತಿಯೇನು ಎಂದು ಸಹ ಆಟಗಾರರೇ ಹೆದರಿದರು. ಅವರು ಹಿಂದೆ ಸರಿದರು. 1996ರಲ್ಲಿ ಮತ್ತೆ ಅಂಗಳಕ್ಕೆ ಇಳಿಯುವ ಹೊತ್ತಿಗೆ ಜನರ ಭಯ ಎಷ್ಟೋ ಇಳಿದಿತ್ತು. ರೋಗ ಅದೇ ಇತ್ತು, ಬದಲಾದದ್ದು ಸುತ್ತಲಿನವರು.

ಈಗ ಈ ಲೇಖನದ ಮುಖ್ಯ ಮಾತು. ಕಾಯಿಲೆ ಕರ್ಮದಿಂದ ಬಂತು ಎನ್ನುವುದನ್ನು ವಿದ್ಯಾವಂತರು ಇಂದು ಬಿಟ್ಟಿದ್ದಾರೆ. ಅದರ ಜಾಗಕ್ಕೆ ಕಾಯಿಲೆಯನ್ನು ಛಲದಿಂದ ಗೆಲ್ಲಬಹುದು ಎಂಬ ಮಾತು ಬಂದಿದೆ. ಕೇಳಲು ಇದು ಎಷ್ಟೋ ಉದಾರ. ಆದರೆ ಇದರ ಲೆಕ್ಕ ಹಳೆಯದೇ. ಗೆದ್ದವನಿಗೆ ಛಲವಿತ್ತು ಎಂದಾದರೆ ಗೆಲ್ಲಲಾಗದವನಿಗೆ ಛಲ ಸಾಲಲಿಲ್ಲ ಎಂದಾಯಿತು. ಹಿಂದಿನ ಜನ್ಮದ ಪಾಪದ ಬದಲು ಈ ಜನ್ಮದ ಮನೋದೌರ್ಬಲ್ಯ ಅಪರಾಧವಾಯಿತು, ಅಷ್ಟೆ. ರೋಗಿ ಮತ್ತೆ ಕಟಕಟೆಯಲ್ಲೇ ನಿಂತ.

ಲಂಡನ್ ಕ್ವಾರ್ಟರ್ ಫೈನಲಿನಲ್ಲಿ ಕಶ್ಯಪ್ ಅವರನ್ನು ಸೋಲಿಸಿದವರು ಮಲೇಷ್ಯಾದ ಲೀ ಚಾಂಗ್ ವೇ. ಮೂರು ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ, ವರ್ಷಗಟ್ಟಲೆ ವಿಶ್ವದ ಒಂದನೇ ಸ್ಥಾನದಲ್ಲಿದ್ದ ಆಟಗಾರ. 2018ರಲ್ಲಿ ಅವರಿಗೆ ಮೂಗಿನ ಹಿಂಭಾಗದ ಕ್ಯಾನ್ಸರ್ ಬಂತು. ಚಿಕಿತ್ಸೆ ಫಲಿಸಿತು, ಮರಳಿ ಅಭ್ಯಾಸಕ್ಕೂ ಇಳಿದರು, ಆದರೆ ಆ ಮಟ್ಟದ ಆಟವನ್ನು ಮೈ ತಡೆಯಲಾರದು ಎಂದಾದಾಗ 2019ರ ಜೂನಿನಲ್ಲಿ ಕಣ್ಣೀರಿಟ್ಟು ನಿವೃತ್ತರಾದರು. ಛಲದ ವಿಷಯದಲ್ಲಿ ಲೀ ಅವರಿಗೆ ಪಾಠ ಹೇಳುವವರು ಯಾರಿದ್ದಾರೆ? ಅಮೆರಿಕದ ಕ್ರಿಸ್ ರೈಟ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನಿಗೆ 2012ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಎಂದು ಗೊತ್ತಾಯಿತು. ನರಗಳ ಹೊದಿಕೆಯನ್ನೇ ಹಾಳುಮಾಡುವ ಕಾಯಿಲೆ. ಮರುವರ್ಷ ಡಲ್ಲಾಸ್ ಮ್ಯಾವರಿಕ್ಸ್ ತಂಡ ಅವರಿಗೆ ಹತ್ತು ದಿನದ ಕರಾರು ಕೊಟ್ಟಿತು. ಎನ್‌ಬಿಎಯಲ್ಲಿ ಅವರು ಆಡಿದ್ದು ಬೆರಳೆಣಿಕೆಯ ಪಂದ್ಯ. ಟ್ರೋಫಿಯ ಅಳತೆಯಲ್ಲಿ ಅದು ಏನೂ ಅಲ್ಲ. ಯಾಪ್ಯದ ಅಳತೆಯಲ್ಲಿ ಆ ಹತ್ತು ದಿನ ಒಂದು ದೊಡ್ಡ ವೃತ್ತಿಜೀವನದಷ್ಟೇ ತೂಗುತ್ತದೆ.

ಛಲದ ಕತೆ ಇನ್ನೊಂದು ವಿಷಯವನ್ನೂ ಮುಚ್ಚಿಡುತ್ತದೆ. ಅದು ಒಬ್ಬನ ಕತೆ ಎಂಬಂತೆ ಹೇಳುತ್ತದೆ. ಅಲೊಂಜೊ ಮೋರ್ನಿಂಗ್ 2000ದ ಸಿಡ್ನಿ ಒಲಿಂಪಿಕ್ಸಿನಿಂದ ಚಿನ್ನ ಹೊತ್ತು ಮನೆಗೆ ಬಂದ ಕೆಲವೇ ದಿನಗಳಲ್ಲಿ ಕಾಲು ಊದಿಕೊಂಡು ವೈದ್ಯರ ಬಳಿ ಹೋದರು. ಮೂತ್ರಪಿಂಡದ ಸೋಸುವ ಭಾಗವೇ ಗಟ್ಟಿಯಾಗುತ್ತ ಹೋಗುವ ರೋಗ. ಮಯಾಮಿ ಹೀಟ್ ಬ್ಯಾಸ್ಕೆಟ್‌ಬಾಲ್ ತಂಡದ ಬೆನ್ನೆಲುಬಾಗಿದ್ದ ಆ ದೈತ್ಯ ಆಟಗಾರ ಆಡುತ್ತ, ಬಿಡುತ್ತ, ಮತ್ತೆ ಆಡುತ್ತ ಮೂರು ವರ್ಷ ಎಳೆದರು. 2003ರ ನವೆಂಬರಿನಲ್ಲಿ ಇನ್ನು ಸಾಧ್ಯವಿಲ್ಲ ಎಂದು ನಿಲ್ಲಿಸಿದರು. ಆಗ ಒಬ್ಬ ದಾಯಾದಿ ಬಂದರು. ಜೇಸನ್ ಕೂಪರ್, ಸೈನ್ಯದ ಮರೀನ್ ಪಡೆಯಲ್ಲಿದ್ದವರು, ಬಹಳ ಕಾಲದಿಂದ ಭೇಟಿಯೇ ಇರದವರು. ಕಾಯಿಲೆ ಬಿದ್ದಿದ್ದ ಅಜ್ಜಿಯನ್ನು ನೋಡಲು ಆಸ್ಪತ್ರೆಗೆ ಬಂದಾಗ ಸುದ್ದಿ ತಿಳಿದು, ತಮ್ಮದನ್ನು ಪರೀಕ್ಷಿಸಿ ಎಂದರು. ಡಿಸೆಂಬರ್ 19ರಂದು ಅವರ ಒಂದು ಮೂತ್ರಪಿಂಡ ಮೋರ್ನಿಂಗ್ ಅವರ ಮೈ ಸೇರಿತು. 2006ರ ಜೂನಿನಲ್ಲಿ ಮಯಾಮಿ ಮೊದಲ ಸಲ ಚಾಂಪಿಯನ್ ಆದ ರಾತ್ರಿ ಡಲ್ಲಾಸಿನವರ ಐದು ಹೊಡೆತಗಳನ್ನು ಮೋರ್ನಿಂಗ್ ಬುಟ್ಟಿಯ ಬಳಿ ತಡೆದರು. ಅವರಿಗಿಂತ ಮೊದಲು ಸ್ಯಾನ್ ಆಂಟೊನಿಯೊ ಸ್ಪರ್ಸ್ ತಂಡದ ಷಾನ್ ಎಲಿಯಟ್ ಇದೇ ದಾರಿಯಲ್ಲಿ ನಡೆದಿದ್ದರು. 1999ರಲ್ಲಿ ಮೂತ್ರಪಿಂಡ ಕೈಕೊಡುತ್ತಿದ್ದಾಗಲೇ ಚಾಂಪಿಯನ್ ತಂಡದಲ್ಲಿ ಆಡಿ, ಆಗಸ್ಟಿನಲ್ಲಿ ಅಣ್ಣ ನೋಯೆಲ್ ಅವರ ಮೂತ್ರಪಿಂಡ ಪಡೆದು, 2000ದ ಮಾರ್ಚ್ 14ರಂದು ಅಂಗಳಕ್ಕೆ ಮರಳಿದರು.

ಮೋರ್ನಿಂಗ್ ಅವರ ಆಟದಲ್ಲಿ ಆ ಐದು ಹೊಡೆತಗಳನ್ನು ತಡೆದವರು ಯಾರು? ಮೋರ್ನಿಂಗ್ ಅವರ ಕೈ, ಕೂಪರ್ ಅವರ ಮೂತ್ರಪಿಂಡ, ಬೇರೆಯವರ ಅಂಗವನ್ನು ಮೈ ತಿರಸ್ಕರಿಸದಂತೆ ದಿನವೂ ನುಂಗುವ ಮಾತ್ರೆ, ಅದನ್ನು ಕಂಡುಹಿಡಿದ ಪ್ರಯೋಗಶಾಲೆ, ಕಾದ ತಂಡ. ಭಗವದ್ಗೀತೆಯ ಹದಿನೆಂಟನೇ ಅಧ್ಯಾಯ ಯಾವುದೇ ಕೆಲಸಕ್ಕೆ ಐದು ಕಾರಣ ಎನ್ನುತ್ತದೆ: ನೆಲೆಯಾದ ದೇಹ, ಮಾಡುವವನು, ಉಪಕರಣಗಳು, ಬಗೆಬಗೆಯ ಚಟುವಟಿಕೆ, ಐದನೆಯದಾಗಿ ದೈವ. ಅಷ್ಟಿದ್ದೂ ತಾನೊಬ್ಬನೇ ಮಾಡಿದೆ ಎಂದುಕೊಳ್ಳುವವನು ಸರಿಯಾಗಿ ನೋಡುತ್ತಿಲ್ಲ ಎಂದು ಅಲ್ಲೇ ಮುಂದೆ ಬರುತ್ತದೆ. ಇದನ್ನು ಸಾಮಾನ್ಯವಾಗಿ ಅಹಂಕಾರ ಬಿಡಿ ಎಂಬ ಉಪದೇಶವಾಗಿ ಓದುತ್ತೇವೆ. ದೀರ್ಘರೋಗಿಯ ದೃಷ್ಟಿಯಿಂದ ಓದಿದರೆ ಇದು ಬಿಡುಗಡೆಯ ಮಾತು. ಗೆಲುವು ಒಬ್ಬನದಲ್ಲ ಎಂದಾದರೆ ಸೋಲೂ ಒಬ್ಬನ ತಲೆಯ ಮೇಲೆ ಬೀಳುವುದಿಲ್ಲ. ದೇಹ ಐದರಲ್ಲಿ ಒಂದು, ಅದೂ ಮೊದಲನೆಯದು. ಅದು ಒಪ್ಪದ ದಿನ ಉಳಿದ ನಾಲ್ಕೂ ಗಟ್ಟಿಯಾಗಿದ್ದರೂ ಕೆಲಸ ನಿಲ್ಲಬಹುದು. ಅಲ್ಲಿ ಯಾರ ತಪ್ಪೂ ಇಲ್ಲ. ಯೋಗವಾಸಿಷ್ಠದ ಮುಮುಕ್ಷು ಪ್ರಕರಣ ದೈವ ಎಂಬುದೇ ಇಲ್ಲ, ಎಲ್ಲ ಪ್ರಯತ್ನವೇ ಎಂದು ಬಲವಾಗಿ ವಾದಿಸುತ್ತದೆ. ನಿರಾಶನಾಗಿ ಕೂತ ರಾಮನಿಗೆ ಅದು ಬೇಕಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿರುವವನಿಗೆ ಗೀತೆಯ ಲೆಕ್ಕವೇ ಹೆಚ್ಚು ನ್ಯಾಯವಾದದ್ದು.

ಸ್ಪರ್ಧೆಯ ನ್ಯಾಯದ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಒಬ್ಬ ಔಷಧ ತೆಗೆದುಕೊಂಡು ಆಡುತ್ತಾನೆ, ಎದುರಿನವನು ತೆಗೆದುಕೊಳ್ಳುವುದಿಲ್ಲ, ಇದು ಸಮವೇ? ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಇದಕ್ಕೆ ಅಂಕಿಯಲ್ಲಿ ಉತ್ತರ ಕೊಟ್ಟಿದೆ. ಆಸ್ತಮಾದವರು ಸೇದುವ ಸಾಲ್ಬುಟಮಾಲ್ 24 ಗಂಟೆಯಲ್ಲಿ 1600 ಮೈಕ್ರೊಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೈಕ್ರೊಗ್ರಾಂ ಮೀರಬಾರದು. ಅಷ್ಟರೊಳಗೆ ಅದು ಚಿಕಿತ್ಸೆ, ಮೀರಿದರೆ ಅದು ಪ್ರಶ್ನೆಗೆ ಒಳಗಾಗುವ ಮದ್ದು. ಗೆರೆ ಎಳೆದದ್ದು ಮನುಷ್ಯರು, ಅದು ಬದಲಾಗುತ್ತಲೂ ಇರುತ್ತದೆ. ಆದರೂ ಅದರ ಹಿಂದೆ ಒಂದು ವಿವೇಕವಿದೆ. ಸಮಾನತೆ ಎಂದರೆ ಎಲ್ಲರೂ ಬರಿಗೈಯಲ್ಲಿ ಬರುವುದಲ್ಲ, ಎಲ್ಲರಿಗೂ ಉಸಿರಾಡುವಷ್ಟು ಗಾಳಿ ಸಿಗುವುದು ಎಂದು ಅದು ಒಪ್ಪಿಕೊಂಡಿದೆ. ಇಷ್ಟನ್ನು ಒಲಿಂಪಿಕ್ ಮಟ್ಟದಲ್ಲಿ ಒಪ್ಪಿರುವಾಗ ನಮ್ಮ ಊರುಗಳಲ್ಲಿ ಮಕ್ಕಳ ಇನ್‌ಹೇಲರನ್ನು ಬ್ಯಾಗಿನ ತಳದಲ್ಲಿ ಮುಚ್ಚಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಚಟವಾಗುತ್ತದೆ ಎನ್ನುತ್ತಾರೆ, ಹುಡುಗಿಗೆ ಮದುವೆ ಆಗುವುದಿಲ್ಲ ಎನ್ನುತ್ತಾರೆ. ಪಿ.ಟಿ. ಪೀರಿಯಡ್ಡಿನಲ್ಲಿ ಆ ಮಗು ಮೆಟ್ಟಿಲ ಮೇಲೆ ಕೂತಿರುತ್ತದೆ. ಔಷಧದಿಂದ ಹಿಡಿತಕ್ಕೆ ಬಂದ ಆಸ್ತಮಾದ ಮಗು ಓಡಬಹುದು, ಆಡಬಹುದು. ಅದು ಮುಂದೆ ಪದಕ ತರಬೇಕಾಗಿಲ್ಲ. ಆಡಲು ಆಸೆಯಿದ್ದರೆ ಸಾಕು, ಅದಕ್ಕೆ ಆಡುವ ಹಕ್ಕಿದೆ.

ಕಶ್ಯಪ್ ಅವರ ಆಟವನ್ನು ಕೊನೆಗೆ ಕಾಡಿದ್ದು ಉಸಿರಲ್ಲ, ಮಂಡಿ. 2016ರಲ್ಲಿ ಗಾಯದಿಂದಾಗಿ ರಿಯೊ ಒಲಿಂಪಿಕ್ಸ್ ತಪ್ಪಿತು. ಹನ್ನೆರಡು ವರ್ಷ ಎಚ್ಚರದಿಂದ ಕಾದುಕೊಂಡ ಕಡೆಯಿಂದ ಏನೂ ಆಗಲಿಲ್ಲ, ಬೇರೆ ಕಡೆಯಿಂದ ಪೆಟ್ಟು ಬಂತು. ಆಮೇಲೂ ಆಡಿದರು, ಕ್ರಮೇಣ ಕೋಚಿಂಗ್ ಕಡೆ ತಿರುಗಿದರು, ಸೈನಾ ಅವರ ಪಂದ್ಯಗಳಲ್ಲಿ ಅಂಗಳದ ಬದಿಯ ಕುರ್ಚಿಯಲ್ಲಿ ಕೂತರು. 2018ರ ಡಿಸೆಂಬರಿನಲ್ಲಿ ಇಬ್ಬರೂ ಮದುವೆಯಾಗಿದ್ದರು.

ಸೈನಾ ಅವರದೂ ಇದೇ ಪ್ರಶ್ನೆಯ ಇನ್ನೊಂದು ರೂಪ. ಲಂಡನ್ನಿನಲ್ಲಿ ಕಂಚು, 2015ರಲ್ಲಿ ವಿಶ್ವದ ಒಂದನೇ ಸ್ಥಾನ, ರಿಯೊದಲ್ಲಿ ಮಂಡಿಯ ನೋವಿನಲ್ಲೇ ಆಡಿ ಸೋಲು, ಕೂಡಲೇ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ, ಮರುವರ್ಷ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಂಚು, 2018ರಲ್ಲಿ ಕಾಮನ್‌ವೆಲ್ತ್ ಚಿನ್ನ. 2024ರಲ್ಲಿ, ಹೈದರಾಬಾದಿನವರೇ ಆದ ಶೂಟರ್ ಗಗನ್ ನಾರಂಗ್ ಅವರೊಂದಿಗೆ ಪಾಡ್‌ಕಾಸ್ಟಿನಲ್ಲಿ ಮಾತಾಡುತ್ತ, ತಮಗೆ ಸಂಧಿವಾತವಿದೆ, ಮಂಡಿಯ ಮೃದ್ವಸ್ಥಿ ಸವೆದುಹೋಗಿದೆ, ಎಂಟೊಂಬತ್ತು ಗಂಟೆಯ ಅಭ್ಯಾಸ ಈಗ ಆಗುತ್ತಿಲ್ಲ ಎಂದು ಹೇಳಿದರು. ಆಗ ಅವರಿಗೆ 34. ಎರಡು ಗಂಟೆ ಅಭ್ಯಾಸ ಮಾಡಿ ದೊಡ್ಡ ಆಟಗಾರರ ಎದುರು ನಿಲ್ಲಲಾಗದು ಎಂಬುದನ್ನೂ ಅವರು ಮರೆಮಾಚಲಿಲ್ಲ. ಮೈ ಏನು ಹೇಳುತ್ತಿದೆ ಎಂಬುದನ್ನು ಲೆಕ್ಕ ಹಾಕಿ ಹೇಳಿದ ಈ ಮಾತಿಗೆ ಸಿಕ್ಕ ಪ್ರತಿಕ್ರಿಯೆಗಳಲ್ಲಿ ನೀವು ಮತ್ತೆ ಬನ್ನಿ, ನಿಮ್ಮಿಂದ ಸಾಧ್ಯ ಎಂಬ ಒತ್ತಾಯವೂ ಇತ್ತು. ಪ್ರೀತಿಯಿಂದ ಹೇಳಿದ್ದು ನಿಜ. ಆದರೆ ಆ ಮಂಡಿ ಅವರದು, ಅದರೊಂದಿಗೆ ಮುಂದೆ ನಡೆಯಬೇಕಾದವರೂ ಅವರೇ. ಮತ್ತೆ ಅಂಗಳಕ್ಕೆ ಬನ್ನಿ ಎಂದು ಕರೆಯುವ ಮೊದಲು, ಮೆಟ್ಟಿಲು ಹತ್ತಲು ಈಗ ಹೇಗಿದೆ ಎಂದು ಕೇಳಬಹುದಿತ್ತು.